ಸೂರಿನ ದೋಣಿ

(ಬಾನುಲಿ ಭಾಷಣ)

ದೋಣಿಯೆಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳು ರೂಢಿಯಲ್ಲಿವೆ. ನೀರಿನ ಮೇಲೆ ನಮ್ಮನ್ನು ಒಯ್ಯುವ ದೋಣಿ ಒಂದು. ನಮ್ಮ ತಲೆಯ ಮೇಲೆ ನೀರನ್ನು ಒಯ್ಯುವ ದೋಣಿ ಇನ್ನೊಂದು. ಮೊದಲನೆಯದನ್ನು ಕುರಿತು ಕವಿಗಳು ಬೇಕಾದಷ್ಟು ಹಾಡಿದ್ದಾರೆ. ಎರಡನೆಯದು ಮನೆಯ ಸೂರಿನಂಚಿಗೆ ವರ್ಷವಿಡೀ ಆತುಕೊಂಡಿದ್ದರೂ ಅದರತ್ತ ಯಾರೂ ಕತ್ತೆತ್ತಿ ನೋಡುವುದಿಲ್ಲ. ಈ ಎರಡನೆಯ ದೋಣಿಯನ್ನು ಶುಚಿಯಾಗಿಡುವ ಬಗೆಯನ್ನು ಕುರಿತು ಕೆಲವು ಮಾತುಗಳನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ವಿಷಯ ಅಲ್ಪವೆಂದು ತಮಗೆ ತೋರಬಹುದು. ನನಗೂ ಹಾಗೆಯೇ ತೋರಿತ್ತು, ಒಂದು ಮಳೆಗಾಲದವರೆಗೆ.

ತೀರ್ಥಹಳ್ಳಿಯ ಕಡೆಯ ನಮ್ಮ ಹಳೆಯ ಮನೆ ಮಣ್ಣಿನ ಗೋಡೆಯದು. ಮೇಲೆ ಮಂಗಳೂರು ಹಂಚು. ಮನೆಯ ಎರಡು ಭಾಗಗಳು ಒಂದಕ್ಕೊಂದು ಅಡ್ಡವಾಗಿ ಸೇರುವ ಮೂಲೆಯಲ್ಲಿ, ಎರಡು ಇಳಿಜಾರುಗಳ ನೀರನ್ನೂ ಹೊತ್ತು ಹೊರಹಾಕಲು ಒಂದು ತಗಡಿನ ದೋಣಿ. ಅದರ ಕೆಳಗಿನ ಕೋಣೆಯಲ್ಲಿ ಗೋಡೆಗೆ ಒತ್ತಿ ಅಜ್ಜನ ಮರದ ಪೆಟ್ಟಿಗೆ. ಅಜ್ಜ ಕಪ್ಪು ಮಸಿಯಲ್ಲಿ ಕೈಯಾರೆ ನಕಲು ಮಾಡಿದ್ದ ಯಕ್ಷಗಾನ ಪ್ರಸಂಗಗಳೂ ಮನೆಯ ಹಳೆಯ ಜಮಾಖರ್ಚಿನ ಪುಸ್ತಕಗಳೂ ಅದರಲ್ಲಿದ್ದವು. ವರ್ಷಕ್ಕೊಮ್ಮೆ, ನವರಾತ್ರಿಯ ಸರಸ್ವತೀ ಪೂಜೆಯಂದು, ಅವನ್ನು ತೆಗೆದು ಪೀಠದ ಮೇಲಿಡುವುದು ಪದ್ಧತಿ. ಆ ವರ್ಷ ಪೆಟ್ಟಿಗೆಯ ಮುಚ್ಚಳ ತೆಗೆದಾಗ ಪುಸ್ತಕಗಳು ಇರಲಿಲ್ಲ. ಅವುಗಳಿದ್ದ ಸ್ಥಳದಲ್ಲಿ ಬೂಷ್ಟು ಹಿಡಿದ ಒಂದೇ ಮುದ್ದೆಯಿತ್ತು. ಮಸಿಯೆಲ್ಲ ಕದಡಿ ನೀಲಿಗಪ್ಪಾಗಿ ಹರಡಿತ್ತು. ಬಿಡಿಸಲು ಹೋದರೆ ಹಾಳೆಗಳು ಬೆರಳಿಗೇ ಅಂಟಿಕೊಂಡು ಬಂದವು.

ಹಂಚು ಒಡೆದಿರಬೇಕೆಂದು ಮೊದಲು ಭಾವಿಸಿದೆವು. ಹತ್ತಿ ನೋಡಿದರೆ ಒಂದು ಹಂಚೂ ಒಡೆದಿರಲಿಲ್ಲ. ಮೂಲೆಯ ದೋಣಿಯ ಬಾಯಿಗೆ ಹಲಸಿನ ಎಲೆಗಳು ಅಡ್ಡವಾಗಿ ಕೂತಿದ್ದವು. ಅವುಗಳ ಹಿಂದೆ ಗೊರವಂಕದ ಹಳೆಯ ಗೂಡು, ಅದರ ಹಿಂದೆ ಮೊಳದಷ್ಟು ಉದ್ದಕ್ಕೆ ಕರಿಯ ಕೆಸರು. ಮುಂದಕ್ಕೆ ದಾರಿ ಕಾಣದ ನೀರು ದೋಣಿಯ ಒಳಅಂಚನ್ನು ದಾಟಿ ಗೋಡೆಯ ನೆತ್ತಿಗೆ ಇಳಿದಿತ್ತು. ಆಷಾಢ, ಶ್ರಾವಣಗಳುದ್ದಕ್ಕೂ ಗೋಡೆ ಒಳಗೊಳಗೇ ನೀರು ಕುಡಿದು ಪೆಟ್ಟಿಗೆಗೆ ಕೊಟ್ಟಿತ್ತು. ನೆಲದ ಮೇಲೆ ಒಂದು ಹನಿಯೂ ಬಿದ್ದಿರಲಿಲ್ಲವಾದ್ದರಿಂದ ಮನೆಯವರಿಗೆ ಸುಳಿವೇ ಸಿಕ್ಕಿರಲಿಲ್ಲ.

ಆ ವರ್ಷ ದೋಣಿಯನ್ನು ಏಕೆ ಯಾರೂ ತೆಗೆದಿರಲಿಲ್ಲವೆಂಬುದನ್ನೂ ಹೇಳಬೇಕು. ಹೇಳದಿದ್ದರೆ ಈ ಮಾತು ಅರ್ಧ ಸತ್ಯವಾದೀತು. ಪ್ರತಿ ವರ್ಷ ಆ ಕೆಲಸ ಮಾಡುತ್ತಿದ್ದವರು ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಿದ್ದ ಹಿರಿಯರೊಬ್ಬರು. ಹಿಂದಿನ ವರ್ಷ ಅದೇ ದೋಣಿಯನ್ನು ತೆಗೆಯುತ್ತಿದ್ದಾಗ ಏಣಿಯ ಮೆಟ್ಟಿಲು ಮುರಿದು ಅವರು ಅಂಗಳಕ್ಕೆ ಬಿದ್ದಿದ್ದರು. ಸೊಂಟದ ಎಲುಬಿಗೆ ಪೆಟ್ಟಾಗಿ, ತಿಂಗಳುಗಟ್ಟಲೆ ಮಲಗಿ, ಆಮೇಲೆ ಕೋಲೂರಿಕೊಂಡು ನಡೆಯುವಂತಾದರು. ಏಣಿ ನಮ್ಮದು. ಮೆಟ್ಟಿಲಿಗೆ ಗೆದ್ದಲು ಹಿಡಿದಿದ್ದುದನ್ನು ನಾನು ನೋಡಿದ್ದೆ; ಬದಲಾಯಿಸಬೇಕೆಂದು ಅಂದುಕೊಂಡು ಪಟ್ಟಣಕ್ಕೆ ಹಿಂದಿರುಗಿದ್ದೆ. ಎಲೆಗಳು ದೋಣಿಯಲ್ಲಿ ಕೂತದ್ದು ಆಮೇಲಿನ ಮಾತು. ಅಜ್ಜನ ಪುಸ್ತಕಗಳು ಹಾಳಾಗಲು ಮೊದಲಾದದ್ದು ಆ ಮೆಟ್ಟಿಲಿನಲ್ಲಿ.

ನಮ್ಮ ಹಿಂದಿನವರಿಗೆ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಸೋಗೆ ಹುಲ್ಲುಗಳ ಮಾಡಿಗೆ ಉದ್ದನೆಯ ಸೂರು. ನೀರು ಗೋಡೆಯಿಂದ ದೂರಕ್ಕೆ ಬೀಳುತ್ತಿತ್ತು, ದೋಣಿಯ ಅಗತ್ಯವಿರಲಿಲ್ಲ. ಬೇಕಾದ ಕಡೆ ಅಡಿಕೆಯ ಮರವನ್ನು ಎರಡಾಗಿ ಸೀಳಿ, ತಿರುಳು ತೆಗೆದು, ಬಳ್ಳಿಯಿಂದ ಕಟ್ಟುತ್ತಿದ್ದರು. ಎರಡು ಮೂರು ಮಳೆಗಾಲಕ್ಕೆ ಅದು ಲಡ್ಡಾಗುತ್ತಿತ್ತು. ಹೊಸದನ್ನು ಕಟ್ಟುವಾಗ ಹಳೆಯದರ ಕಸವೂ ಅದರೊಡನೆಯೇ ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಒಂದರ ತೋಡಿಗೆ ಇನ್ನೊಂದರ ಅಂಚು ಕೂಡಿಕೊಳ್ಳುವ ಆ ಚಪ್ಪಟೆ ಹಂಚು ಕರಾವಳಿ ಮಲೆನಾಡುಗಳನ್ನೆಲ್ಲ ಕ್ರಮೇಣ ಹೊದೆಯಿತು. ಮಾಡು ಬಾಳಿಕೆಯದಾದ ಮೇಲೆ ದೋಣಿಯೂ ಬಾಳಿಕೆಯದಾಗಬೇಕಾಯಿತು. ತಗಡು ಬಂದಿತು, ಈಚೆಗೆ ಪಿ.ವಿ.ಸಿ. ಬಂದಿತು. ವರ್ಷ ವರ್ಷ ಹೊಸದು ಕಟ್ಟುವ ಕೆಲಸ ತಪ್ಪಿತು. ಅದಕ್ಕೆ ಬದಲಾಗಿ ವರ್ಷ ವರ್ಷ ಶುಚಿಮಾಡುವ ಕೆಲಸ ಬರಬೇಕಾಗಿತ್ತು. ಅದನ್ನು ನಾವು ಮರೆತೆವು.

ಬಯಲುಸೀಮೆಯ ಮಾಳಿಗೆಯ ಮನೆಗಳ ಸಂಗತಿ ಬೇರೆ. ಅಲ್ಲಿ ಮೇಲೆ ಮಣ್ಣಿನ ಹಾಸು. ನೀರು ಹೊರಬೀಳಲು ಗೋಡೆಯಿಂದಾಚೆ ಚಾಚಿದ ದೋಣಿ. ಮಳೆ ಕಡಿಮೆ, ನಿಜ. ಆದರೆ ಆ ಒಂದು ಬಾಯಿ ಕಟ್ಟಿತೆಂದರೆ ಮಾಳಿಗೆಯೇ ಕೆರೆಯಾಗುತ್ತದೆ. ಶಿಶುನಾಳದ ಶರೀಫರು ಸೋರುವ ಮಾಳಿಗೆಯನ್ನೇ ತತ್ತ್ವಪದಕ್ಕೆ ವಸ್ತುವಾಗಿಸಿಕೊಂಡರು. ಅವರ ಕೇಳುಗರೆಲ್ಲರೂ ಸೋರುವ ಮಾಳಿಗೆಯ ಕೆಳಗೆ ಮಲಗಿ ಎದ್ದವರೇ. ಅರ್ಥವನ್ನು ಬಿಡಿಸಿ ಹೇಳುವ ಅಗತ್ಯ ಅವರಿಗೆ ಬೀಳಲಿಲ್ಲ.

ಒಂದು ಮಾಡಿನ ಮೇಲೆ ಎಷ್ಟು ನೀರು ಬೀಳುತ್ತದೆಂಬುದರ ಲೆಕ್ಕ ಸುಲಭ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಯಿತು. 100 ಚದರ ಮೀಟರಿನ ಮನೆಯ ಮೇಲೆ ಒಂದಂಗುಲ ಮಳೆ ಬಿದ್ದರೆ 2,500 ಲೀಟರಿಗೂ ಮಿಗಿಲು. ಮಲೆನಾಡಿನಲ್ಲಿ ಒಂದಂಗುಲವೆಂಬುದು ಒಂದು ಜಡಿಮಳೆಯ ಮಾತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿ ಅಂಥ ಮನೆಯೊಂದರ ಮಾಡು ವರ್ಷಕ್ಕೆ ಏಳು ಲಕ್ಷ ಲೀಟರ್ ನೀರನ್ನು ಕೆಳಗಿಳಿಸಬೇಕು. ಇಷ್ಟು ನೀರು ಅಂಗಳಕ್ಕೆ ಹೋಗಬೇಕೋ ಗೋಡೆಗೆ ಹೋಗಬೇಕೋ ಎಂಬುದನ್ನು ಒಂದು ಹಿಡಿ ಎಲೆ ತೀರ್ಮಾನಿಸುತ್ತದೆ.

ಎಲ್ಲ ಎಲೆಗಳ ಸ್ವಭಾವವೂ ಒಂದೇ ಅಲ್ಲ. ಹಲಸಿನ ಎಲೆ ದಪ್ಪ, ನುಣುಪು, ಬೇಗ ಕೊಳೆಯುವುದಿಲ್ಲ. ಒಂದು ಎಲೆ ಬಾಯಿಗೆ ಮುಚ್ಚಳದಂತೆ ಕೂತರೆ ಸಾಕು. ಮಾವಿನೆಲೆ ಉದ್ದುದ್ದಕ್ಕೆ ಮಲಗಿ ಒಂದರ ಮೇಲೊಂದು ಪದರವಾಗುತ್ತದೆ. ಗುಲ್‌ಮೊಹರಿನ ಎಲೆ ಅಕ್ಕಿಕಾಳಿನಷ್ಟಿದ್ದು ಯಾವ ಜಾಲರಿಯನ್ನೂ ನುಸುಳುತ್ತದೆ. ಒದ್ದೆಯಾದ ಮೇಲೆ ಕಂಬಳಿಯಾಗುತ್ತದೆ. ಗಾಳಿಮರದ ಸೂಜಿಗಳು ಹೆಣೆದುಕೊಂಡು ಚಾಪೆಯಾಗುತ್ತವೆ. ಎಲೆ ಕೊಳೆತು ಮಣ್ಣಾದ ಮೇಲೆ ಹಕ್ಕಿಗಳ ಸರದಿ. ಅರಳಿ, ಆಲ, ಅತ್ತಿಗಳ ಹಣ್ಣು ತಿಂದು ಬಂದ ಹಕ್ಕಿ ಅಲ್ಲಿ ಬೀಜವನ್ನು ಬಿಟ್ಟು ಹೋಗುತ್ತದೆ. ಸೂರಿನಂಚಿನಲ್ಲಿ ಅರಳಿಯ ಎರಡೆಲೆಯ ಸಸಿ ತೂಗುತ್ತಿರುವುದು ನೋಡಲು ಚೆಂದವೇ. ಬೇರು ಗೋಡೆಯ ಸಂದಿಗೆ ಇಳಿಯುವ ಮೊದಲು ಕಿತ್ತರೆ ಎರಡು ಬೆರಳು ಸಾಕು. ಆಮೇಲೆ ಗೋಡೆಯನ್ನೇ ಬಿಚ್ಚಬೇಕಾಗುತ್ತದೆ.

ಪುಸ್ತಕಗಳು ಹಾಳಾದ ಮರುವರ್ಷ ದೋಣಿಯನ್ನು ನಾನೇ ತೆಗೆಯುವುದೆಂದು ನಿಶ್ಚಯಿಸಿ ಏಪ್ರಿಲಿನಲ್ಲಿ ಊರಿಗೆ ಹೋದೆ. ಆ ಹಿರಿಯರ ಮನೆಗೆ ಹೋಗಿ ವಿಷಯ ತಿಳಿಸಿದೆ. ನನ್ನ ಕೈಕಾಲುಗಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲವೆಂದು ಕಾಣುತ್ತದೆ. ಮರುದಿನ ಬೆಳಿಗ್ಗೆ ಕೋಲೂರಿಕೊಂಡು ತಾವೇ ಬಂದು ಜಗಲಿಯ ಅಂಚಿನಲ್ಲಿ ಕುಳಿತರು. ನಾನು ಮೇಲೆ, ಅವರು ಕೆಳಗೆ. ಈ ಭಾಷಣದಲ್ಲಿ ಉಪಯೋಗಕ್ಕೆ ಬರುವ ಮಾತೆಂದು ತಮಗೆ ಯಾವುದು ತೋರುವುದೋ ಅದರ ಬಹುಪಾಲು ಅಂದು ಅವರು ಕೆಳಗಿನಿಂದ ಹೇಳಿದ್ದು.

ಉಪಕರಣಗಳನ್ನು ಕೊಳ್ಳಲು ಪೇಟೆಗೆ ಹೋಗಬೇಕಾಗಿಲ್ಲ. ಒಂದು ಗಟ್ಟಿ ಏಣಿ, ಒಂದು ಹಿಡಿಸೂಡಿ, ಅರ್ಧ ಕರಟ, ಅಡಿಕೆ ಹಾಳೆಯ ಒಂದು ತುಂಡು, ಒಂದು ಗೋಣಿಚೀಲ, ಹಗ್ಗ, ಕೊಡ. ನಾನು ಪಟ್ಟಣದಿಂದ ಗಾರೆ ಕೆಲಸದ ಕರಣೆಯೊಂದನ್ನು ಒಯ್ದಿದ್ದೆ. ಅದನ್ನು ಕಂಡೊಡನೆ ಅವರು, "ಅಯ್ಯಾ, ಅದನ್ನು ಕೆಳಗೇ ಬಿಡಿ. ಕಬ್ಬಿಣ ತಗಡನ್ನು ಕೆರೆಯುತ್ತದೆ, ಕೆರೆದಲ್ಲಿ ತುಕ್ಕು ಹಿಡಿಯುತ್ತದೆ," ಎಂದರು. ಮಾತು ಶಾಸ್ತ್ರಸಮ್ಮತವೇ. ಕಬ್ಬಿಣದ ತಗಡಿನ ಮೇಲಿನ ಸತುವಿನ ತೆಳು ಲೇಪವೇ ಅದರ ಕವಚ. ಅದನ್ನು ಹೆರೆದು ಶುಚಿ ಮಾಡಿದರೆ ಮೂರೇ ಮಳೆಗಾಲಕ್ಕೆ ದೋಣಿ ಜಾಲರಿಯಾದೀತು. ಕರಟದ ದುಂಡು ದೋಣಿಯ ದುಂಡಿಗೆ ತಾನಾಗಿ ಹೊಂದುತ್ತದೆ. ಚೌಕದ ದೋಣಿಗೆ ಹಾಳೆಯ ತುಂಡು ಹೊಂದುತ್ತದೆ. ಎರಡೂ ಕೆಸರನ್ನು ಎತ್ತುತ್ತವೆ, ಲೋಹವನ್ನು ನೋಯಿಸುವುದಿಲ್ಲ. ಪಟ್ಟಣದಲ್ಲಿ ಕರಟವಿಲ್ಲದವರು ಹಳೆಯ ಪ್ಲಾಸ್ಟಿಕ್ ಡಬ್ಬಿಯನ್ನು ಓರೆಯಾಗಿ ಕತ್ತರಿಸಿಕೊಂಡರೂ ಆದೀತು.

ಎರಡನೆಯ ಮಾತು ಕೆಲಸದ ಕ್ರಮವನ್ನು ಕುರಿತದ್ದು. ನಾವು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಕಸವನ್ನು ದೋಣಿಯ ಬಾಯಿಯ ಕಡೆಗೆ ಗುಡಿಸುವುದು. ನೆಲ ಗುಡಿಸುವವರು ಕಸವನ್ನು ಬಾಗಿಲಿನತ್ತ ಗುಡಿಸುತ್ತಾರಲ್ಲ, ಆ ಅಭ್ಯಾಸ. ಹಾಗೆ ಮಾಡಿದರೆ ದೋಣಿಯ ಕಸವೆಲ್ಲ ಕೆಳಗಿಳಿಯುವ ಕೊಳವೆಗೆ ತುಂಬುತ್ತದೆ. ಕಣ್ಣಿಗೆ ಕಾಣುತ್ತಿದ್ದ ತೊಂದರೆ ಕಾಣದ ಜಾಗಕ್ಕೆ ಹೋಗಿ ಕೂರುತ್ತದೆ. "ಮೊದಲು ಬಾಯಿಗೆ ಚಿಂದಿ ತುರುಕಿ. ಬಾಯಿಯ ಹತ್ತಿರದಿಂದ ಹಿಡಿದು ಆಚೆಗೆ ತೆಗೆಯುತ್ತ ಹೋಗಿ," ಎಂದರು ಆ ಹಿರಿಯರು. ಹಾಗೆಯೇ ಮಾಡಿದೆ. ಎತ್ತಿದ ಕಸವನ್ನು ಕೆಳಕ್ಕೆ ಎಸೆಯದೆ ಹಗ್ಗಕ್ಕೆ ಕಟ್ಟಿದ ಗೋಣಿಚೀಲಕ್ಕೆ ತುಂಬಬೇಕು. ಅದು ಒಳ್ಳೆಯ ಗೊಬ್ಬರ. ನಮ್ಮ ಮಲ್ಲಿಗೆಯ ಬುಡಕ್ಕೆ ಹೋಯಿತು. ಕೆಸರು ತೆಗೆದ ಮೇಲೆ ಹಿಡಿಸೂಡಿ. ಕೊನೆಗೆ ಚಿಂದಿಯನ್ನು ಕಿತ್ತು, ಬಾಯಿಯಿಂದ ದೂರದ ತುದಿಯಲ್ಲಿ ಒಂದು ಕೊಡ ನೀರು ಸುರಿಯಬೇಕು.

ಈ ಒಂದು ಕೊಡ ನೀರು ತೊಳೆಯುವುದಕ್ಕಿಂತ ಹೆಚ್ಚಾಗಿ ಪರೀಕ್ಷೆಗಾಗಿ. ನೀರು ತಡವರಿಸದೆ ಬಾಯಿಗೆ ಬಂದರೆ ದೋಣಿಯ ಇಳಿವು ಸರಿಯಾಗಿದೆಯೆಂದು ತಿಳಿಯಬೇಕು. ಹತ್ತಡಿಗೆ ಅರ್ಧ ಅಂಗುಲದಷ್ಟಾದರೂ ಇಳಿವಿದ್ದರೆ ಒಳ್ಳೆಯದು. ನಡುವೆ ಎಲ್ಲಾದರೂ ನೀರು ನಿಂತರೆ ಅಲ್ಲಿ ಆಧಾರದ ಕೊಕ್ಕೆ ಸಡಿಲವಾಗಿ ದೋಣಿ ಜೋತಿದೆ. ಇನ್ನೊಂದು ಗುಟ್ಟೂ ಇದೆ. ದೋಣಿಯ ಹೊರಅಂಚು ಒಳಅಂಚಿಗಿಂತ ತುಸು ತಗ್ಗಾಗಿರಬೇಕು. ಹಾಗಿದ್ದರೆ ಎಂದಾದರೂ ಬಾಯಿ ಕಟ್ಟಿದರೂ ನೀರು ಉಕ್ಕಿ ಅಂಗಳಕ್ಕೆ ಬೀಳುತ್ತದೆ, ಗೋಡೆಗಲ್ಲ. ನಮ್ಮ ಮನೆಯ ದೋಣಿಯಲ್ಲಿ ಅದು ತಿರುಗುಮುರುಗಾಗಿತ್ತು. ಒಂದಂಗುಲದ ಈ ವ್ಯತ್ಯಾಸವನ್ನು ಮೊದಲೇ ಗಮನಿಸಿದ್ದರೆ ಅಜ್ಜನ ಅಕ್ಷರಗಳು ಉಳಿಯುತ್ತಿದ್ದವು.

ಕೆಳಗಿಳಿಯುವ ಕೊಳವೆ ಕಟ್ಟಿದ್ದರೆ ಅದನ್ನು ಮೇಲಿನಿಂದ ಇರಿಯಬಾರದು, ಇರಿದಷ್ಟೂ ಗಿಡಿದುಕೊಳ್ಳುತ್ತದೆ. ಕೆಳಗಿನ ಬಾಯಿಯಿಂದ ಬಿದಿರಿನ ಉದ್ದನೆಯ ಸೀಳನ್ನು ಮೇಲಕ್ಕೆ ತೂರಿ ಅಲುಗಿಸಬೇಕು, ಇಲ್ಲವೆ ರಬ್ಬರ್ ಕೊಳವೆಯನ್ನು ತೂರಿ ಕೆಳಗಿನಿಂದ ನೀರು ಬಿಡಬೇಕು. ಹೆಚ್ಚಾಗಿ ಕಟ್ಟುವುದು ಮೊಣಕೈಯಂತೆ ಬಾಗಿದ ಕಡೆ. ಬೆರಳಿನಿಂದ ತಟ್ಟುತ್ತ ಹೋದರೆ ಟೊಳ್ಳಿನ ದನಿ ನಿಂತು ಮಂದವಾಗುವ ಜಾಗ ತಿಳಿಯುತ್ತದೆ.

ಈಗ ಎಲೆಯನ್ನು ಊದಿ ಹಾರಿಸುವ ಯಂತ್ರಗಳೂ ರಭಸದಿಂದ ನೀರು ಚಿಮ್ಮುವ ಯಂತ್ರಗಳೂ ಬಂದಿವೆ. ಮೊದಲನೆಯದು ಒಣಗಿದ ಎಲೆಗೆ ಸರಿ. ಕೆಸರಿನ ಮುಂದೆ ಅದರ ಆಟ ನಡೆಯದು. ಎರಡನೆಯದನ್ನು ಹಂಚಿನ ಮನೆಗೆ ತರದಿರುವುದೇ ಲೇಸು. ಹಂಚು ಮೇಲಿನಿಂದ ಬೀಳುವ ನೀರನ್ನು ತಡೆಯಲು ಮಾಡಿದ್ದು. ಕೆಳಗಿನಿಂದ ಮೇಲಕ್ಕೆ ಚಿಮ್ಮಿದ ನೀರು ಸಂದಿಯಲ್ಲಿ ನುಗ್ಗಿ ರೀಪು ಪಕಾಸಿಗಳನ್ನು ನೆನೆಸುತ್ತದೆ. ಜಾಲರಿಯ ವಿಚಾರವೂ ಹೀಗೆಯೇ. ಬಾಯಿಯ ಮೇಲೆ ಚಪ್ಪಟೆಯಾದ ಜಾಲರಿ ಹಾಕಿದರೆ ಎಲೆ ಅದಕ್ಕೇ ಅಂಟಿ ಕೂರುತ್ತದೆ. ತಂತಿಯನ್ನು ಗೋಪುರದಂತೆ ಉಬ್ಬಿಸಿ ಇಟ್ಟರೆ ಬುಡಕ್ಕೆ ಎಲೆ ಕೂತರೂ ನೆತ್ತಿಯಲ್ಲಿ ನೀರಿಗೆ ದಾರಿ ಉಳಿಯುತ್ತದೆ. ಜಾಲರಿ ಹಾಕಿದವರು ಏಣಿಯನ್ನು ಮಾರಿಬಿಡಬಹುದೆಂದು ತಿಳಿಯಬಾರದು, ಜಾಲರಿಯನ್ನೂ ಗುಡಿಸಬೇಕಾಗುತ್ತದೆ.

ಇನ್ನು ಏಣಿಯ ಮಾತು. ಇದನ್ನು ನಾನು ಬಹಳ ತಡವಾಗಿ ಕಲಿತವನು. ತಾವು ಬೇಗ ಕಲಿಯಬೇಕೆಂದು ಪ್ರಾರ್ಥನೆ. ಹತ್ತುವ ಮೊದಲು ಏಣಿಯನ್ನು ನೆಲದ ಮೇಲೆ ಮಲಗಿಸಿ ಒಂದೊಂದು ಮೆಟ್ಟಿಲನ್ನೂ ತುಳಿದು ನೋಡಬೇಕು. ನಾಲ್ಕಡಿ ಎತ್ತರಕ್ಕೆ ಒಂದಡಿಯಂತೆ ಏಣಿಯ ಬುಡ ಗೋಡೆಯಿಂದ ಹೊರಗಿರಬೇಕು. ಏಣಿಯನ್ನು ದೋಣಿಗೇ ಆನಿಸಬಾರದು. ದೋಣಿ ಬಾಗುತ್ತದೆ, ಏಣಿ ಜಾರುತ್ತದೆ. ತಲೆಯನ್ನು ಗಟ್ಟಿಯಾದ ಜಂತಿಗೆ ಆನಿಸಿ ಕಟ್ಟಬೇಕು, ಬುಡವನ್ನು ಒಬ್ಬರು ಹಿಡಿದಿರಬೇಕು. ಕೈಗೆಟುಕದ ಕಸಕ್ಕಾಗಿ ಪಕ್ಕಕ್ಕೆ ವಾಲುವುದೇ ಬೀಳುವುದಕ್ಕೆ ಪೀಠಿಕೆ. ಹೊಕ್ಕುಳು ಏಣಿಯ ಎರಡು ಕಾಲುಗಳ ನಡುವೆಯೇ ಇರಬೇಕು. ಎಟುಕದಿದ್ದರೆ ಇಳಿದು, ಏಣಿಯನ್ನು ಸರಿಸಿ, ಮತ್ತೆ ಹತ್ತಬೇಕು. ವಿದ್ಯುತ್ ತಂತಿ ಹಾದಿರುವ ಕಡೆ ಅಲ್ಯೂಮಿನಿಯಂ ಏಣಿಯನ್ನು ಎತ್ತಲೇಬಾರದು. ಮಳೆ ಬಿದ್ದು ಪಾಚಿ ಕಟ್ಟಿದ ಹಂಚಿನ ಮೇಲೆ ಯಾರನ್ನೂ ಹತ್ತಿಸಬಾರದು. ಒಣಗಿದ ಹಂಚಿನ ಮೇಲೂ ನಡುಭಾಗವನ್ನು ತುಳಿಯದೆ, ಕೆಳಗೆ ರೀಪಿನ ಆಧಾರವಿರುವ ಅಂಚಿನ ಮೇಲೆ ಹೆಜ್ಜೆಯಿಡಬೇಕು. ದೋಣಿಗೆ ಕೈಹಾಕುವ ಮೊದಲು ಕೋಲಿನಿಂದ ಒಮ್ಮೆ ಕೆದಕಬೇಕು. ಒಣ ಎಲೆಯ ಕೆಳಗೆ ಚೇಳೂ ಇರಬಹುದು, ಹಾವೂ ಇರಬಹುದು, ಸೂರಿನಡಿಯಲ್ಲಿ ಕಣಜದ ಗೂಡೂ ಇರಬಹುದು.

ಯಾವಾಗ ಮಾಡಬೇಕೆಂಬುದಕ್ಕೆ ನಮ್ಮ ಮಳೆನಕ್ಷತ್ರಗಳೇ ಪಂಚಾಂಗ. ಮಾಘ ಫಾಲ್ಗುಣಗಳಲ್ಲಿ ಮರಗಳು ಎಲೆ ಉದುರಿಸಿ ಮುಗಿಸುತ್ತವೆ. ಯುಗಾದಿ ಕಳೆದೊಡನೆ ಮೊದಲ ಸಲ. ಭರಣಿ ಕೃತ್ತಿಕೆಗಳ ಗಾಳಿಮಳೆ ಕಡ್ಡಿ ಕೊಂಬೆಗಳನ್ನು ತಂದು ಹಾಕುತ್ತದೆ. ಆದುದರಿಂದ ರೋಹಿಣಿಯಲ್ಲಿ, ಎಂದರೆ ಮೇ ತಿಂಗಳ ಕೊನೆಗೆ, ಎರಡನೆಯ ಸಲ. ಇದನ್ನು ತಪ್ಪಿಸಲೇಬಾರದು, ಮೃಗಶಿರೆಯಿಂದ ಮುಂದೆ ಪುಷ್ಯದವರೆಗೆ ಮಲೆನಾಡಿನಲ್ಲಿ ಮಾಡನ್ನು ಹತ್ತುವ ಮಾತಿಲ್ಲ. ಆ ದಿನಗಳಲ್ಲಿ ಮಾಡಬಹುದಾದದ್ದು ಒಂದೇ: ಜೋರು ಮಳೆಯಲ್ಲಿ ಕೊಡೆ ಹಿಡಿದು ಮನೆಯ ಸುತ್ತ ಒಂದು ಪ್ರದಕ್ಷಿಣೆ. ನೀರು ಬಾಯಿಯಲ್ಲಲ್ಲದೆ ಬೇರೆಲ್ಲಿ ಬೀಳುತ್ತಿದೆಯೆಂದು ನೋಡಿ ಗುರುತಿಟ್ಟುಕೊಳ್ಳುವುದು. ಕಸ ತೀರ ಹೆಚ್ಚಿದ್ದರೆ ನೆಲದಲ್ಲೇ ನಿಂತು ದೋಟಿಯ ತುದಿಗೆ ಕಟ್ಟಿದ ಕೊಕ್ಕೆಯಿಂದ ಬಾಯಿಯನ್ನಷ್ಟು ಬಿಡಿಸುವುದು. ಉಳಿದದ್ದು ದೀಪಾವಳಿಯ ನಂತರ.

ಪಟ್ಟಣದಲ್ಲಿ ತಾರಸಿಯ ಮನೆಯವರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯಬಾರದು. ತಾರಸಿಯ ಮೂಲೆಯ ಕೊಳವೆಯ ಬಾಯಿಗೂ ಇದೇ ಧರ್ಮ. ಬೆಂಗಳೂರಿನಲ್ಲಿ 2009ರ ಕಾನೂನಿನಿಂದ ಮಳೆನೀರ ಸಂಗ್ರಹ ಹಲವು ಮನೆಗಳಿಗೆ ಕಡ್ಡಾಯವಾಯಿತು. ದೋಣಿಯಲ್ಲಿ ಕೊಳೆತ ಎಲೆಯಿದ್ದರೆ ತೊಟ್ಟಿಗೆ ಇಳಿಯುವುದು ಮಳೆನೀರಲ್ಲ, ಕಷಾಯ. ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡುವ ಏರ್ಪಾಡು ಎಷ್ಟು ಮುಖ್ಯವೋ ದೋಣಿಯ ಶುಚಿಯೂ ಅಷ್ಟೇ ಮುಖ್ಯ. ಇದಲ್ಲದೆ ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಗೆ ಒಂದು ಬೊಗಸೆ ನಿಂತ ನೀರು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ. ಅದರ ಮೊಟ್ಟೆಗಳು ಒಣಗಿದ ದೋಣಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಕಾಯಬಲ್ಲವು. ಅಂಗಳದ ಹೂಕುಂಡದ ತಟ್ಟೆಯನ್ನೆಲ್ಲ ಬೋರಲು ಹಾಕಿ, ನೆತ್ತಿಯ ಮೇಲೆ ಸೊಳ್ಳೆಯ ತೊಟ್ಟಿಲು ಕಟ್ಟಿಕೊಂಡಿರುವ ಮನೆಗಳು ಎಷ್ಟೋ ಇವೆ.

ಆ ದಿನ ಕೆಲಸ ಮುಗಿಯುವ ವೇಳೆಗೆ ಮಧ್ಯಾಹ್ನವಾಗಿತ್ತು. ಒಂದು ಕೊಡ ನೀರನ್ನು ಸುರಿದೆ. ಅದು ಸರಾಗವಾಗಿ ಹರಿದು ಅಂಗಳದ ಕಲ್ಲಿನ ಮೇಲೆ ಬಿತ್ತು. ಕೆಳಗಿದ್ದ ಹಿರಿಯರು ಅದರ ಸದ್ದನ್ನು ಕೇಳಿ, "ಸಾಕು, ಇಳಿಯಿರಿ. ಇಳಿಯುವಾಗ ಮೆಟ್ಟಿಲು ನೋಡಿಕೊಂಡು," ಎಂದರು. ಅಷ್ಟೇ. ಮುರಿದ ಮೆಟ್ಟಿಲಿನ ಮಾತನ್ನು ಅವರು ಹಿಂದೆಯೂ ಎತ್ತಿರಲಿಲ್ಲ, ಆಮೇಲೂ ಎತ್ತಲಿಲ್ಲ. ನಾನೇ ಇಳಿದು ಬಂದು ಎತ್ತಿದೆ. ಮೆಟ್ಟಿಲು ಲಡ್ಡಾಗಿದ್ದುದು ನನಗೆ ಗೊತ್ತಿತ್ತೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಗೊತ್ತಿತ್ತು ಅಯ್ಯಾ. ಇನ್ನೊಂದು ವರ್ಷ ತಡೆದೀತು ಅಂದುಕೊಂಡಿದ್ದೆ," ಎಂದರು. ಅವರ ಚಿಕಿತ್ಸೆಯ ಖರ್ಚನ್ನು ನಮ್ಮ ಮನೆಯವರು ಕೊಟ್ಟಿದ್ದರು. ಅದನ್ನು ಆವರೆಗೆ ಉಪಕಾರವೆಂದು ತಿಳಿದಿದ್ದೆ; ಅದು ಸಾಲದ ಒಂದು ಕಂತು ಮಾತ್ರವೆಂದು ಅಂದು ತಿಳಿಯಿತು. ಅವರು ಬದುಕಿರುವವರೆಗೂ ಉಳಿದ ಕಂತುಗಳನ್ನು ತಪ್ಪದೆ ಸಲ್ಲಿಸಿದೆವು.

ಈಗ ವರ್ಷಕ್ಕೆ ಎರಡು ಸಲ ಊರಿಗೆ ಹೋಗುತ್ತೇನೆ, ಒಮ್ಮೆ ಯುಗಾದಿಯ ನಂತರ, ಒಮ್ಮೆ ರೋಹಿಣಿಯಲ್ಲಿ. ಮೊದಲು ಏಣಿಯನ್ನು ಅಂಗಳದಲ್ಲಿ ಮಲಗಿಸಿ ತುಳಿದು ನೋಡುತ್ತೇನೆ. ಮೊಣಕಾಲು ಒಪ್ಪದ ವರ್ಷ ಬೇರೆಯವರು ಹತ್ತುತ್ತಾರೆ. ಆಗ ಏಣಿಯ ಬುಡವನ್ನು ನಾನೇ ಹಿಡಿಯುತ್ತೇನೆ, ಅವರು ಇಳಿಯುವವರೆಗೂ ಬಿಡುವುದಿಲ್ಲ. ಅಜ್ಜನ ಪ್ರಸಂಗಗಳಲ್ಲಿ ಉಳಿದದ್ದು ಒಂದೇ ಹಾಳೆ. ಅದರ ಮೇಲೂ ಅರ್ಧ ಪದ್ಯ ಮಾತ್ರ ಓದಲು ಬರುತ್ತದೆ. ಅದನ್ನು ನವರಾತ್ರಿಯಲ್ಲಿ ಪೀಠದ ಮೇಲಿಡುತ್ತೇವೆ. ಪಕ್ಕದಲ್ಲಿ ಒಂದು ಕರಟವನ್ನೂ ಇಡುತ್ತೇನೆ. ಮನೆಯ ಮಕ್ಕಳು ನಗುತ್ತಾರೆ. ಆಯುಧಪೂಜೆಗೆ ಅದಕ್ಕಿಂತ ಯೋಗ್ಯವಾದ ಆಯುಧ ನಮ್ಮ ಮನೆಯಲ್ಲಿ ಬೇರೊಂದಿಲ್ಲ.